ಮಾಡಿನ ಕೆಳಗಿನ ಏಳನೆಯ ವರ್ಷ

ಇಸ್ರೇಲಿನಲ್ಲಿ 2021ರ ಸೆಪ್ಟೆಂಬರಿನಿಂದ ಮರುವರ್ಷದ ಸೆಪ್ಟೆಂಬರಿನವರೆಗೆ ಶ್ಮಿತಾ ವರ್ಷ ನಡೆಯಿತು. ಏಳು ವರ್ಷಕ್ಕೊಮ್ಮೆ ಬರುವ ಈ ವರ್ಷದಲ್ಲಿ ಆಚಾರವಂತ ಯಹೂದಿ ರೈತ ಉಳುವಂತಿಲ್ಲ, ಬಿತ್ತುವಂತಿಲ್ಲ, ದ್ರಾಕ್ಷಿ ಬಳ್ಳಿ ಸವರುವಂತಿಲ್ಲ. ತಾನಾಗಿ ಬಿಟ್ಟ ಫಲವನ್ನೂ ಒಡೆಯನ ಠೀವಿಯಲ್ಲಿ ಕೊಯ್ದು ಕಣಜ ತುಂಬಿಸುವಂತಿಲ್ಲ. ಆದರೂ ಆ ವರ್ಷ ಅತಿ ಕಟ್ಟುನಿಟ್ಟಿನ ಮಡಿವಂತರು ಕೊಳ್ಳುವ ಅಂಗಡಿಗಳಲ್ಲೂ ದೇಶದೊಳಗೇ ಬೆಳೆದ ಸೌತೆಕಾಯಿ, ಟೊಮೆಟೊ, ಸೊಪ್ಪು ಸಿಗುತ್ತಿದ್ದವು. ಅವು ಬಂದದ್ದು ಹಸಿರುಮನೆಗಳಿಂದ. ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ತೆಂಗಿನ ನಾರಿನ ಪುಡಿಯನ್ನೋ ಪರ್ಲೈಟನ್ನೋ ತುಂಬಿದ ಚೀಲ, ತೊಟ್ಟಿಗಳನ್ನಿಟ್ಟು, ಹನಿ ಕೊಳವೆಯ ನೀರಿನಲ್ಲೇ ಗೊಬ್ಬರ ಕರಗಿಸಿ ಉಣಿಸಿ ಬೆಳೆದ ಬೆಳೆ ಅದು. ಬೇರು ಎಲ್ಲೂ ನೆಲ ಮುಟ್ಟುವುದಿಲ್ಲ. ಮೇಲೆ ಮಾಡು, ಕೆಳಗೆ ಹಾಳೆ, ನಡುವೆ ಗಿಡ. ಹೀಬ್ರೂವಿನಲ್ಲಿ ಇದಕ್ಕೆ 'ಮತ್ಸಾ ಮೆನುತಾಕ್', ಅಂದರೆ ನೆಲದಿಂದ ಬೇರ್ಪಡಿಸಿದ ಹಾಸು, ಎಂಬ ಹೆಸರಿದೆ. ಭೂಮಿಗೆ ಬಿಡುವು ಕೊಡು ಎಂದ ಧರ್ಮ, ಭೂಮಿಯನ್ನೇ ಮುಟ್ಟದ ಬೇಸಾಯದ ಬಗ್ಗೆ ಏನು ಹೇಳಬೇಕು? ಏನೂ ಹೇಳಬೇಕಾಗಿಲ್ಲ, ಆಜ್ಞೆ ಅಲ್ಲಿಗೆ ತಲುಪುವುದೇ ಇಲ್ಲ ಎಂಬುದು ಸಿದ್ಧವಾಗಿರುವ ಉತ್ತರ. ಆ ಉತ್ತರ ಕಾನೂನಾಗಿ ನಿಲ್ಲಬಹುದು, ಧರ್ಮವಾಗಿ ನಿಲ್ಲಲಾರದು ಎಂಬುದು ನನ್ನ ವಾದ. ಯಾಕೆಂದರೆ ಶ್ಮಿತಾ ಮೂಲದಲ್ಲಿ ಮಣ್ಣಿನ ಬಗೆಗಿನ ನಿಯಮವಲ್ಲ, ಒಡೆತನದ ಬಗೆಗಿನ ನಿಯಮ. ಮತ್ತು ಬೇಸಾಯದಲ್ಲಿ ಒಡೆತನ ಅತ್ಯಂತ ಬಿಗಿಯಾಗಿ ಕೂತಿರುವ ಜಾಗವೆಂದರೆ ಹಸಿರುಮನೆಯೇ.

ಮೊದಲು ಶಾಸ್ತ್ರಜ್ಞರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಬೇಕು. ಈ ಅನುಮತಿ ಯಾರೋ ವ್ಯಾಪಾರಿಗಳು ನಿನ್ನೆ ಮೊನ್ನೆ ಹುಡುಕಿದ ಕಳ್ಳದಾರಿಯಲ್ಲ. ಮುಚ್ಚಿದ ಜಾಗದಲ್ಲಿ ತರಕಾರಿ ಬೆಳೆಯುವುದೂ ಹೊಸ ವಿದ್ಯೆಯಲ್ಲ. ರೋಮನ್ ಚಕ್ರವರ್ತಿ ತಿಬೇರಿಯಸ್‌ನಿಗೆ ವರ್ಷವಿಡೀ ಸೌತೆ ಜಾತಿಯ ಕಾಯಿ ಬೇಕೆಂದು, ಗಾಲಿ ಹಾಕಿದ ಮಡಿಗಳಲ್ಲಿ ಬಳ್ಳಿ ಬೆಳೆಸಿ, ಚಳಿಯಲ್ಲಿ ಬೆಳಕು ಹಾಯುವ ಕಲ್ಲಿನ ಹಲಗೆಗಳ ಕೆಳಗೆ ಇಡುತ್ತಿದ್ದರೆಂದು ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ. ಅದೇ ಸಾಮ್ರಾಜ್ಯದ ಒಂದು ಮೂಲೆಯಲ್ಲಿ ರೂಪುಗೊಂಡ, ಯಹೂದಿ ಶಾಸ್ತ್ರಚರ್ಚೆಗಳ ಸಂಗ್ರಹವಾದ ಜೆರುಸಲೇಮ್ ತಾಲ್ಮುದ್‌ನಲ್ಲಿ ಮನೆಯೊಳಗೆ ನೆಟ್ಟ ಮರದ ಚರ್ಚೆ ಬರುತ್ತದೆ. ಮರದ ಮೊದಲ ಮೂರು ವರ್ಷದ ಹಣ್ಣು ತಿನ್ನಬಾರದೆಂಬ ನಿಷೇಧ ಅದಕ್ಕೂ ಉಂಟು. ಆದರೆ ಹತ್ತರಲ್ಲೊಂದು ಪಾಲು ಕೊಡುವ ಕರ್ತವ್ಯ ಅದಕ್ಕಿಲ್ಲ, ಯಾಕೆಂದರೆ ಆ ಆಜ್ಞೆ ಹೊಲದ ಬೆಳೆಯ ಬಗ್ಗೆ ಮಾತಾಡುತ್ತದೆ. ಏಳನೆಯ ವರ್ಷದ ಮಾತು ಬಂದಾಗ ಪಂಡಿತರು ತೀರ್ಪು ಕೊಡದೆ ನಿಲ್ಲುತ್ತಾರೆ. ಬೈಬಲಿನ ಯಾಜಕಕಾಂಡದ ಒಂದು ವಚನ ದೇಶದ ನೆಲವೇ ಬಿಡುವು ಪಡೆಯಲಿ ಅನ್ನುತ್ತದೆ. ಇನ್ನೊಂದು, ನಿನ್ನ ಹೊಲದಲ್ಲಿ ಬಿತ್ತಬೇಡ ಅನ್ನುತ್ತದೆ. ಮಾಡಿನ ಕೆಳಗಿನ ನೆಲವೂ ನೆಲವೇ. ಆದರೆ ಕೋಣೆಯನ್ನು ಯಾರೂ ಹೊಲವೆಂದು ಕರೆಯುವುದಿಲ್ಲ. ಸಂಶಯ ಸಂಶಯವಾಗಿಯೇ ಉಳಿಯಿತು. ಇದರ ಜೊತೆಗೆ ಕುಂಡದ ಪ್ರಶ್ನೆಯೂ ಇದೆ. ತಳದಲ್ಲಿ ತೂತಿರುವ ಕುಂಡದ ಗಿಡ ನೆಲದ ರಸ ಹೀರುತ್ತದೆ, ಆದ್ದರಿಂದ ಅದು ನೆಲದ ಗಿಡವೇ, ತೂತಿಲ್ಲದ್ದು ಬೇರೆ. ವಿಶ್ರಾಂತಿಯ ಸಬ್ಬತ್ ದಿನ ಗಿಡ ಕಿತ್ತವನ ತಪ್ಪನ್ನು ಅಳೆಯುವಾಗಲೇ ಯಹೂದಿ ನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾ ಈ ಭೇದ ಮಾಡಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬ್ನೇ ಬ್ರಾಕ್‌ನ ಅವ್ರಹಾಂ ಯೆಶಾಯಾ ಕರೆಲಿತ್ಸ್, 'ಹಜೋನ್ ಇಶ್' ಎಂದೇ ಹೆಸರಾದವರು, ಶ್ಮಿತಾದಲ್ಲಿ ನೆಲವನ್ನು ಮಾರಿದಂತೆ ಪತ್ರ ಮಾಡಿ ಉಳುವ ಸಡಿಲಿಕೆಯ ಕಡು ವಿರೋಧಿಯಾಗಿದ್ದೂ, ಮಾಡು ಮತ್ತು ತೂತಿಲ್ಲದ ಪಾತ್ರೆ ಎರಡೂ ಕೂಡಿದ ಕಡೆ ಬೆಳೆಯಬಹುದು ಎಂದರು. ಎರಡು ಸಂಶಯಗಳು ಕೂಡಿದರೆ ಒಂದು ಅನುಮತಿ. ಇಂದಿನ ನೆಲ ಬಿಟ್ಟ ಹಸಿರುಮನೆ ನಿಂತಿರುವುದು ಈ ಬುನಾದಿಯ ಮೇಲೆ, ಮತ್ತು ಬುನಾದಿ ಗಟ್ಟಿಯಾಗಿಯೇ ಇದೆ.

ಹಾಗಾದರೆ ತಕರಾರೇನು? ಶ್ಮಿತಾ ಯಾಕೆ ಎಂಬ ಪ್ರಶ್ನೆಯಿಂದ ಹೊರಡೋಣ. ಮಧ್ಯಯುಗದ ಯಹೂದಿ ದಾರ್ಶನಿಕ ಮೈಮೊನಿಡೀಸ್ ತನ್ನ ತಾತ್ವಿಕ ಗ್ರಂಥದಲ್ಲಿ ಎರಡು ಕಾರಣ ಕೊಡುತ್ತಾನೆ: ಎಲ್ಲರ ಮೇಲೂ ದಯೆ, ಮತ್ತು ಬೀಳು ಬಿಟ್ಟ ನೆಲ ಮುಂದೆ ಹೆಚ್ಚು ಕೊಡುತ್ತದೆ ಎಂಬ ಬೇಸಾಯದ ವಿವೇಕ. ಎರಡನೆಯದನ್ನು ಹದಿನೈದನೆಯ ಶತಮಾನದ ಸ್ಪೇನಿನ ಇಸಾಕ್ ಅರಾಮ ಒಪ್ಪಲಿಲ್ಲ. ಶ್ಮಿತಾ ಮುರಿದರೆ ಇಡೀ ಜನಾಂಗವೇ ದೇಶಭ್ರಷ್ಟವಾಗುತ್ತದೆ, ಖಾಲಿಯಾದ ನಾಡು ಆಗ ತನ್ನ ಬಾಕಿ ಬಿಡುವನ್ನೆಲ್ಲ ತೀರಿಸಿಕೊಳ್ಳುತ್ತದೆ ಎಂದು ಯಾಜಕಕಾಂಡ ಎಚ್ಚರಿಸುತ್ತದೆ. ಮಣ್ಣಿನ ಸತ್ವವಷ್ಟೇ ವಿಷಯವಾಗಿದ್ದರೆ ಇಷ್ಟು ಘೋರ ಶಿಕ್ಷೆ ಯಾಕೆ, ನೆಲ ಬಡವಾಗುವುದೇ ತಕ್ಕ ಶಿಕ್ಷೆಯಾಗುತ್ತಿತ್ತಲ್ಲ ಎಂಬುದು ಅವನ ತರ್ಕ. ನನಗೆ ಇದು ಸರಿಯೆನಿಸುತ್ತದೆ, ಆದರೆ ತರ್ಕಕ್ಕಿಂತ ನಿಯಮಗಳ ವಿವರವೇ ಇನ್ನೂ ಬಲವಾದ ಸಾಕ್ಷಿ. ವಿಮೋಚನಕಾಂಡದಲ್ಲಿ ಈ ಆಜ್ಞೆ ಮೊದಲು ಬರುವಾಗ ಹೇಳುವ ಉದ್ದೇಶ ಒಂದೇ: ಬಡವರು ಉಣ್ಣಲಿ, ಅವರು ಬಿಟ್ಟದ್ದನ್ನು ಕಾಡುಪ್ರಾಣಿ ತಿನ್ನಲಿ. ಯಾಜಕಕಾಂಡ ಉಣ್ಣುವವರ ಪಟ್ಟಿಯನ್ನೇ ಕೊಡುತ್ತದೆ: ರೈತ, ಅವನ ಆಳು, ಹೆಣ್ಣಾಳು, ಕೂಲಿಯವನು, ಜೊತೆಗಿರುವ ಪರದೇಶಿ, ದನಕರು, ಕಾಡುಮಿಗ. ಒಡೆಯನ ಹೆಸರು ಪಟ್ಟಿಯಲ್ಲಿ ಇಲ್ಲದಿಲ್ಲ, ಆದರೆ ಏಳರಲ್ಲಿ ಒಬ್ಬನಾಗಿ. ಹಳೆಯ ವ್ಯಾಖ್ಯಾನವಾದ ಮೆಖಿಲ್ತಾ, ನಿಜವಾಗಿ ನೋಡಿದರೆ ಹೊಲದ ಬೇಲಿಯನ್ನೇ ಒಡೆದು ದಾರಿ ಮಾಡಬೇಕಿತ್ತು, ಲೋಕವ್ಯವಹಾರ ಕೆಡದಿರಲೆಂದು ಪಂಡಿತರು ಅದನ್ನು ವಿಧಿಸಲಿಲ್ಲ ಅನ್ನುತ್ತದೆ. ಏಳನೆಯ ವರ್ಷ ದ್ರಾಕ್ಷಿತೋಟಕ್ಕೆ ಬೀಗ ಹಾಕಿದವನು, ಹೊಲಕ್ಕೆ ಬೇಲಿ ಬಿಗಿದವನು ಆಜ್ಞೆ ಮುರಿದಂತೆಯೇ ಎಂದು ಮೈಮೊನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ವಿಧಿಸುತ್ತಾನೆ. ಆ ರೈತ ಉತ್ತಿಲ್ಲ, ಬಿತ್ತಿಲ್ಲ. ನೆಲ ತಣ್ಣಗೆ ಮಲಗಿದೆ. ಆದರೂ ಅಪರಾಧಿ, ಬೀಗ ಹಾಕಿದ್ದಕ್ಕೆ.

ಇದಕ್ಕಿಂತ ಸೂಕ್ಷ್ಮವಾದದ್ದು 'ಬಿಯೂರ್' ಎಂಬ ವಿಧಿ. ಶ್ಮಿತಾದ ಫಲವನ್ನು ಮನೆಗೆ ತಂದಿಟ್ಟುಕೊಂಡು ತಿನ್ನಬಹುದು, ಆದರೆ ಆ ಜಾತಿಯ ಫಲ ಹೊರಗೆ ಹೊಲದಲ್ಲಿ ಪ್ರಾಣಿಗಳಿಗೆ ಸಿಗುತ್ತಿರುವಷ್ಟು ಕಾಲ ಮಾತ್ರ. ಹೊಲದಲ್ಲಿ ಅದು ಮುಗಿದ ದಿನ, ಮೂರು ಊಟಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ಹೊರಗೆ ತಂದು, ಇದು ಯಾರದೂ ಅಲ್ಲ ಎಂದು ಸಾರಬೇಕು. ನರಿಗೆ, ಜಿಂಕೆಗೆ ಇಲ್ಲದ್ದು ನಿನ್ನ ಉಗ್ರಾಣದಲ್ಲೂ ಇರಬಾರದು ಎಂದಂತೆ. ಉಗ್ರಾಣದ ಬಾಗಿಲನ್ನು ಕಾಡಿನ ಹಸಿವಿಗೆ ಕಟ್ಟಿದ ಇಂಥ ಇನ್ನೊಂದು ಕಾನೂನನ್ನು ನಾನು ಬೇರೆಲ್ಲೂ ಕಂಡಿಲ್ಲ. ನೆಲಕ್ಕೆ ಸುಸ್ತಾಗಿದೆ ಎಂಬ ಕಾಳಜಿಯಿಂದ ಈ ವಿಧಿ ಹುಟ್ಟಲು ಸಾಧ್ಯವೇ ಇಲ್ಲ. ನೆಲ ದೇವರದು, ನೀವು ನನ್ನ ಬಳಿ ತಂಗಿರುವ ಪರದೇಶಿಗಳು ಎಂದು ಅದೇ ಅಧ್ಯಾಯ ಹೇಳುವ ಮಾತಿನಿಂದ ಮಾತ್ರ ಹುಟ್ಟಬಲ್ಲದು. ಆರು ವರ್ಷ ನಿನ್ನದು ಎಂದುಕೊಂಡದ್ದು ನಿನ್ನದಲ್ಲ ಎಂಬುದನ್ನು ಏಳನೆಯ ವರ್ಷ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಬಾಗಿಲು ತೆರೆದು ಒಪ್ಪಬೇಕು.

ಈಗ ಹಸಿರುಮನೆಯ ಬಾಗಿಲಿಗೆ ಬರೋಣ. ಅದು ಎರಡು ಬಾಗಿಲಿನ ಕಟ್ಟಡ: ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು, ನಡುವಿನ ಪುಟ್ಟ ಕೋಣೆಯಲ್ಲಿ ಕಾಲು ಅದ್ದಿ ಒಳಹೋಗಬೇಕು. ಇಸ್ರೇಲಿನಲ್ಲಿ ಬಿಳಿನೊಣ ಹೊತ್ತು ತರುವ ಎಲೆ ಮುದುರು ರೋಗ ಟೊಮೆಟೊವನ್ನು ಹಾಳುಗೆಡವಿದಾಗ ಬೆಳೆಗಾರರು 50 ಮೆಶ್‌ನ ಬಲೆಯ ಮೊರೆ ಹೊಕ್ಕರು. ಒಂದು ಅಂಗುಲದಲ್ಲಿ ಐವತ್ತು ಎಳೆ, ಸಾಸಿವೆಗಿಂತ ಸಣ್ಣ ನೊಣವೂ ತೂರಲಾರದು. ಜಿಂಕೆ, ನರಿಗಳ ಮಾತಿರಲಿ, ಗಾಳಿಯೇ ಕಷ್ಟಪಟ್ಟು ಒಳಬರುತ್ತದೆ. ಈ ಮುಚ್ಚುವಿಕೆಗೆ ಧರ್ಮದ ಕಡೆಯಿಂದಲೂ ಒಂದು ಒತ್ತಾಸೆ ಸಿಕ್ಕಿತು ಎಂಬುದು ವಿಚಿತ್ರ. ಹುಳ ತಿನ್ನುವುದು ಯಹೂದಿ ಆಹಾರ ನಿಯಮದಲ್ಲಿ ನಿಷಿದ್ಧ, ಸೊಪ್ಪಿನ ಮಡಿಕೆಯಲ್ಲಿ ಅಡಗಿದ ಹೇನು ಕೂಡ. ಗಾಜಾ ಪಟ್ಟಿಯ ಗುಶ್ ಕತೀಫ್ ವಸಾಹತುಗಳಲ್ಲಿ, 2005ರ ಆಗಸ್ಟ್‌ನಲ್ಲಿ ಇಸ್ರೇಲ್ ಅವನ್ನು ತೆರವು ಮಾಡುವ ತನಕ, ಮರಳಿನ ಮೇಲೆ ಬಲೆಮನೆ ಕಟ್ಟಿ ಹುಳವಿಲ್ಲದ ಸೊಪ್ಪು ಬೆಳೆಯುವ ಉದ್ಯಮವೇ ನಡೆದಿತ್ತು; ಇಂದಿಗೂ ಅಂಥ ಸೊಪ್ಪಿಗೆ ಆ ಹೆಸರೇ ಗುರುತಾಗಿ ಉಳಿದಿದೆ. ಬೇಲಿಯೊಳಗಿನ ಬೇಲಿಯೊಳಗೆ ಬೆಳೆದ ಆ ಸೊಪ್ಪಿನ ರಾಜಕೀಯ ಬೇರೆಯೇ ಲೇಖನ ಕೇಳುತ್ತದೆ. ಇಲ್ಲಿಗೆ ಬೇಕಾದದ್ದು ಇಷ್ಟು: ಒಂದೇ ಧರ್ಮದ ಒಂದು ವಿಧಿ ಹುಳವನ್ನು ಹೊರಗಿಡು ಅನ್ನುತ್ತದೆ, ಇನ್ನೊಂದು ಕಾಡುಮಿಗವನ್ನೂ ಒಳಗೆ ಬಿಡು ಅನ್ನುತ್ತದೆ, ಹಸಿರುಮನೆ ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸುವ ಯಂತ್ರ. ಒಳಗೆ ಬಿಡುವ ಕೆಲವೇ ಜೀವಿಗಳಲ್ಲಿ ಒಂದು, ಹೂವಿನ ಪರಾಗ ಉದುರಿಸುವ ದುಂಬಿ. ಅದೂ ರಟ್ಟಿನ ಪೆಟ್ಟಿಗೆಯಲ್ಲಿ, ಬೆಲೆ ಕೊಟ್ಟು ತಂದದ್ದು. ಸ್ದೆ ಎಲಿಯಾಹು ಎಂಬ ಧಾರ್ಮಿಕ ಕಿಬ್ಬುಟ್ಸ್‌ನಲ್ಲಿ, ಅಂದರೆ ಸಾಮೂಹಿಕ ಕೃಷಿಗ್ರಾಮದಲ್ಲಿ, ಹುಟ್ಟಿದ ಬಯೋಬೀ ಸಂಸ್ಥೆ ಇಂಥ ದುಂಬಿಗಳನ್ನು ಸಾಕಿ ಮಾರುತ್ತದೆ. ಕೆಲಸಕ್ಕೆ ಬರುವ ಜೀವಿಗೆ ಪ್ರವೇಶ ಉಂಟು, ಉಣ್ಣಲು ಬರುವುದಕ್ಕಿಲ್ಲ.

ನೆಲಕ್ಕಾದರೂ ಬಿಡುವು ಸಿಕ್ಕಿತಲ್ಲ ಎನ್ನಬಹುದು. ಶಾಸ್ತ್ರದ ಅರ್ಧವಾದರೂ ಪೂರೈಸಿತು, ಇನ್ನರ್ಧಕ್ಕೆ ಬೇರೆ ದಾರಿ ಹುಡುಕಿದರಾಯಿತು ಎಂದು. ಅದೂ ಅನುಮಾನವೇ. ಬಿಡುವು ಎಂಬುದು ದುಡಿಮೆಯ ನಡುವೆ ಬರುವಂಥದ್ದು. ಏಳನೆಯದಕ್ಕೆ ಅರ್ಥ ಬರುವುದು ಹಿಂದಿನ ಆರರಿಂದ. ಚೀಲದ ಬೇಸಾಯ ಬಹುಮಟ್ಟಿಗೆ ಎಲ್ಲ ವರ್ಷವೂ ಚೀಲದಲ್ಲೇ ನಡೆಯುತ್ತದೆ. ಪ್ಲಾಸ್ಟಿಕ್ಕಿನ ಕೆಳಗೆ ಗಟ್ಟಿಯಾಗಿ ಕೂತ ನೆಲ ಆರು ವರ್ಷ ದುಡಿಯಲಿಲ್ಲ, ಏಳನೆಯ ವರ್ಷ ವಿಶ್ರಮಿಸಲೂ ಇಲ್ಲ. ಆಳಿಗೆ ರಜೆ ಕೊಡುವುದಕ್ಕೂ ಆಳೇ ಬೇಡವೆಂದು ಕೆಲಸದಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಇದು. ತುಳುನಾಡಿನ ಕೆಡ್ಡಸ ಹಬ್ಬವನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಕರ ಮಾಸದ ಕೊನೆಯ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬ ನಂಬಿಕೆಯಲ್ಲಿ ಅಲ್ಲಿ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಹಸಿರು ಕಡಿಯುವುದಿಲ್ಲ. ನನ್ನೆರಿ ಎಂಬ ತಿನಿಸು ಮಾಡಿ ಬಡಿಸುತ್ತಾರೆ, ಕೊನೆಗೆ ಹೆಂಗಸರು ಭೂಮಿಗೆ ಎಣ್ಣೆ ಎರೆಯುತ್ತಾರೆ. ಕೆಡ್ಡಸದ ಕಾಳಜಿ ಭೂಮಿಯ ಮೈಯ ಬಗ್ಗೆ. ಮಂಗಳೂರಿನ ತಾರಸಿಯ ಮೇಲೆ ನಾರಿನ ಪುಡಿಯ ಚೀಲದಲ್ಲಿ ಬೆಂಡೆ ಬಿತ್ತುವವರು ಕೆಡ್ಡಸ ಮುರಿದರು ಎಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ, ಆ ಚೀಲ ಅವಳ ಮೈಯಲ್ಲ. ಶ್ಮಿತಾ ಹಾಗಲ್ಲ. ಅಲ್ಲಿ ಭೂಮಿ ತಾಯಿಯಲ್ಲ, ಮೈಯುಳ್ಳವಳಲ್ಲ, ದೇವರ ಆಸ್ತಿ. ಪ್ರಶ್ನೆ ಎದ್ದಿರುವುದು ಆ ಆಸ್ತಿಯ ಮೇಲೆ ಮನುಷ್ಯ ಹೂಡುವ ಹಕ್ಕಿನ ಬಗ್ಗೆ. ಮೈಯಿಂದ ದೂರ ಸರಿಯಲು ಚೀಲ ಸಾಕು. ಹಕ್ಕಿನಿಂದ ದೂರ ಸರಿಯಲು ಸಾಲದು, ಯಾಕೆಂದರೆ ಹಕ್ಕು ಚೀಲದ ಜೊತೆಗೇ ಬರುತ್ತದೆ.

ಇಲ್ಲಿ ಒಂದು ಅಗ್ಗದ ವಾದವನ್ನು ದೂರವಿಡಬೇಕು. ಹಸಿರುಮನೆ ನಿಸರ್ಗವಿರೋಧಿ, ಆದ್ದರಿಂದ ಅಧಾರ್ಮಿಕ ಎಂಬ ವಾದ. ಚಳಿಗಾಲದಲ್ಲಿ ಬಿಸಿನೀರು ಹಾಯಿಸಿ ಗುಲಾಬಿ ಅರಳಿಸುವವರನ್ನು ರೋಮಿನ ಸೆನೆಕಾ ಹೀಗೆಯೇ ಬೈದಿದ್ದ. ಆದರೆ ನೇಗಿಲು ನಿಸರ್ಗದಲ್ಲಿ ಬೆಳೆಯುವುದಿಲ್ಲ, ಕಾಲುವೆ ತಾನಾಗಿ ತೋಡಿಕೊಳ್ಳುವುದಿಲ್ಲ, ಗೋಧಿಯೇ ಸಾವಿರಾರು ವರ್ಷ ಮನುಷ್ಯ ಆರಿಸಿ ಆರಿಸಿ ಮಾಡಿದ ಗಿಡ. ಅರಾವಾದ ಮರುಭೂಮಿಯಲ್ಲಿ ಬಲೆಮನೆ ಕಟ್ಟಿ, ಹನಿ ಹನಿ ಎಣಿಸಿ ದಪ್ಪ ಮೆಣಸಿನಕಾಯಿ ಬೆಳೆಯುವುದು ನೀರಿನ ಮಟ್ಟಿಗೆ ಬಯಲು ಬೇಸಾಯಕ್ಕಿಂತ ಹೆಚ್ಚು ವಿವೇಕದ್ದು, ಔಷಧಿ ಹೊಡೆಯುವುದೂ ಎಷ್ಟೋ ಕಡೆ ತಗ್ಗುತ್ತದೆ. ಆರು ವರ್ಷದ ಹಸಿರುಮನೆಯ ಬಗ್ಗೆ ನನಗೆ ಜಗಳವೇ ಇಲ್ಲ.

ಗಂಭೀರವಾದ ಆಕ್ಷೇಪ ಬರುವುದು ಶಾಸ್ತ್ರಜ್ಞನಿಂದ. ಅವನು ಕೇಳುತ್ತಾನೆ: ಕಾನೂನಿಗೆ ಗಡಿ ಇರಬೇಡವೇ? ಆಶಯವನ್ನು ಹಿಡಿದುಕೊಂಡು ಹೊರಟರೆ ಅದಕ್ಕೆ ಕೊನೆಯೆಲ್ಲಿ? ಇವತ್ತು ಹಸಿರುಮನೆ, ನಾಳೆ ಬಟ್ಟೆ ಗಿರಣಿ; ಅಲ್ಲೂ ಒಡೆತನವಿದೆ. ವಚನ ಹೊಲ ಎಂದಿದ್ದರೆ ಹೊಲಕ್ಕೇ ನಿಲ್ಲಬೇಕು. ಈ ಆಕ್ಷೇಪಕ್ಕೆ ತೂಕವಿದೆ, ಮತ್ತು ನಾನು ಹಸಿರುಮನೆಯನ್ನು ನಿಷೇಧಿಸಿ ಎನ್ನುತ್ತಿಲ್ಲ. ಆದರೆ ಈ ಪರಂಪರೆಯೇ ಬರೀ ನೆಲವನ್ನು ನೋಡಿ ತೀರ್ಮಾನಿಸಿದ್ದಲ್ಲ. ಏಳನೆಯ ವರ್ಷ ಯಾರೂ ಬಿತ್ತದೆ, ಹಿಂದಿನ ಬೀಜದಿಂದ ತಾನಾಗಿ ಎದ್ದ ತರಕಾರಿಯನ್ನು ಮೂಲ ಧರ್ಮಗ್ರಂಥವಾದ ತೋರಾ ನಿಷೇಧಿಸಿರಲಿಲ್ಲ, ಪಂಡಿತರು ನಿಷೇಧಿಸಿದರು. ಕಾರಣ, ಜನ ಕದ್ದು ಬಿತ್ತಿ, ತಾನಾಗಿ ಬಂತು ಎಂದು ಹೇಳತೊಡಗಿದ್ದರು. ನೆಲದ ಸ್ಥಿತಿ ಒಂದೇ ಇದ್ದರೂ ಮನುಷ್ಯರ ನಡತೆ ನೋಡಿ ನಿಯಮ ಬಿಗಿಯಾಯಿತು. ಇನ್ನೊಂದು ಸಲ ನಡತೆ ನೋಡಿಯೇ ಸಡಿಲವಾಯಿತು. ಏಳನೆಯ ವರ್ಷದ ಕೊನೆಗೆ ಸಾಲ ಮನ್ನಾ ಆಗುತ್ತದೆ ಎಂಬ ಧರ್ಮೋಪದೇಶಕಾಂಡದ ವಿಧಿಯಿಂದಾಗಿ ಉಳ್ಳವರು ಬಡವರಿಗೆ ಸಾಲ ಕೊಡುವುದನ್ನೇ ನಿಲ್ಲಿಸಿದಾಗ, ಪ್ರಾಚೀನ ಪಂಡಿತ ಹಿಲ್ಲೆಲ್ 'ಪ್ರೊಜ್ಬುಲ್' ಎಂಬ ಪತ್ರವನ್ನು ಜಾರಿಗೆ ತಂದ. ಸಾಲದ ವಸೂಲಿಯನ್ನು ನ್ಯಾಯಸಭೆಗೆ ಒಪ್ಪಿಸಿದರೆ ಅದು ಮನ್ನಾ ಆಗುವುದಿಲ್ಲ. ಅಕ್ಷರ ಉಳಿಯಿತು, ಸಾಲ ಸಿಗುವುದೂ ಉಳಿಯಿತು. ಉಪಾಯ ಮಾಡುವುದೇ ಕಪಟವೆನ್ನುವವರಿಗೆ ಹಿಲ್ಲೆಲ್ ಸಾಕಷ್ಟು ಉತ್ತರ. ಆದರೆ ಹಸಿರುಮನೆಯ ಪರ ವಕೀಲಿಕೆಗೆ ಹಿಲ್ಲೆಲನನ್ನು ಕರೆತರುವವರು ಅವನ ಉಪಾಯ ಯಾರ ಪಾಲಿನ ಬಾಗಿಲನ್ನು ತೆರೆದಿಟ್ಟಿತು ಎಂಬುದನ್ನೂ ನೋಡಬೇಕು. ಬಡವನ ಪಾಲಿನದನ್ನು. ಉಪಾಯಗಳನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಗೊತ್ತಿಲ್ಲ.

ಅದೇ ತಕ್ಕಡಿಯಲ್ಲಿ ತೂಗಿದರೂ ಹಸಿರುಮನೆ ಗೆಲ್ಲುತ್ತದೆ ಎನ್ನುವವರಿದ್ದಾರೆ, ಮತ್ತು ಅವರ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಇಂದು ಬ್ನೇ ಬ್ರಾಕ್‌ನ ಹತ್ತು ಮಕ್ಕಳ ಬಡ ಸಂಸಾರ ಅರಾವಾದ ತೆರೆದ ಹೊಲಕ್ಕೆ ಬಸ್ ಹಿಡಿದು ಹೋಗಿ ಕಾಯಿ ಕೀಳುವುದಿಲ್ಲ. ಅವರಿಗೆ ಬೇಕಾದದ್ದು ಬೀದಿ ಕೊನೆಯ ಅಂಗಡಿಯಲ್ಲಿ ಕೈಗೆಟುಕುವ ಬೆಲೆಯ ಟೊಮೆಟೊ. ಹಸಿರುಮನೆಯ ಬೆಳೆ ಇಲ್ಲವಾದರೆ ಆ ವರ್ಷ ಕಟ್ಟುನಿಟ್ಟಿನವರ ಮಾರುಕಟ್ಟೆಯಲ್ಲಿ ತರಕಾರಿ ದುಬಾರಿಯಾಗುತ್ತದೆ, ಪೆಟ್ಟು ಮೊದಲು ಬೀಳುವುದು ಬಡವನ ಹೊಟ್ಟೆಗೆ. ಜೊತೆಗೆ ರೈತನ ಪಾಡೂ ಇದೆ. ಏಳನೆಯ ವರ್ಷ ಏನು ತಿನ್ನೋಣ ಎಂಬ ಪ್ರಶ್ನೆಯನ್ನು ಯಾಜಕಕಾಂಡವೇ ಮೊದಲು ಎತ್ತಿತ್ತು, ಆರನೆಯ ವರ್ಷ ಮೂರು ವರ್ಷಕ್ಕಾಗುವಷ್ಟು ಬೆಳೆ ಬರುತ್ತದೆ ಎಂಬ ಭರವಸೆಯನ್ನೂ ಕೊಟ್ಟಿತ್ತು. ಅಂಗಡಿ ಸರಪಣಿಗಳ ಜೊತೆ ಕರಾರು ಮಾಡಿಕೊಂಡ ಇಂದಿನ ಬೆಳೆಗಾರನಿಗೆ ಆ ಭರವಸೆಯನ್ನು ತೋರಿಸಿ ಸುಮ್ಮನಿರಲು ಯಾರಿಗೂ ಧೈರ್ಯವಿಲ್ಲ. 1888ರಲ್ಲಿ ಹೊಸದಾಗಿ ಬಂದು ನೆಲೆಸಿದ್ದ ಯಹೂದಿ ರೈತರು ಹಸಿವಿನ ಅಂಚಿನಲ್ಲಿದ್ದಾಗಲೇ, ನೆಲವನ್ನು ಅನ್ಯಧರ್ಮೀಯನಿಗೆ ಆ ಅವಧಿಗೆ ಮಾರಿದಂತೆ ಪತ್ರ ಮಾಡಿ ಉಳುವ 'ಹೆತೆರ್ ಮೆಖಿರಾ' ಎಂಬ ಅನುಮತಿ ಹುಟ್ಟಿದ್ದು; ಕೋವ್ನೋದ ಹೆಸರಾಂತ ರಬ್ಬಿ ಇತ್ಸ್‌ಹಾಕ್ ಎಲ್ಖಾನನ್ ಸ್ಪೆಕ್ಟರ್ ಅದಕ್ಕೆ ಸಮ್ಮತಿಸಿದರು, 1909ರ ಶ್ಮಿತಾದ ಹೊತ್ತಿಗೆ ಯಾಫಾದಲ್ಲಿದ್ದ ರಬ್ಬಿ ಕೂಕ್ ಅದನ್ನು ಮತ್ತೆ ಎತ್ತಿಹಿಡಿದರು. ಕೂಕ್ ಅದನ್ನು ಸಂಕಟಕಾಲದ ಆಸರೆ ಎಂದು ಒಪ್ಪಿದರೇ ಹೊರತು ಶ್ಮಿತಾದ ಆದರ್ಶವನ್ನು ಬಿಟ್ಟುಕೊಡಲಿಲ್ಲ. ಅದೇ ಸಂದರ್ಭದಲ್ಲಿ ಬರೆದ ಗ್ರಂಥದಲ್ಲಿ ಆ ವರ್ಷದ ಮಹತ್ವವನ್ನು ತುಂಬು ಮನಸ್ಸಿನಿಂದ ಕೊಂಡಾಡಿದ್ದಾರೆ. ಹಸಿರುಮನೆಯ ಅನುಮತಿಯಲ್ಲಿ ನನಗೆ ಕಾಣದಿರುವುದು ಈ ಕಸಿವಿಸಿ. ಮಾರಾಟದ ಪತ್ರಕ್ಕೆ ಸಹಿ ಹಾಕುವವನಿಗೆ ತಾನು ಏನನ್ನೋ ದಾಟುತ್ತಿದ್ದೇನೆಂದು ಗೊತ್ತಿರುತ್ತದೆ. ಚೀಲದಲ್ಲಿ ಬೆಳೆಯುವವನಿಗೆ ತಾನು ಶ್ಮಿತಾವನ್ನು ಪೂರ್ಣವಾಗಿ ಪಾಲಿಸುತ್ತಿದ್ದೇನೆ ಅನಿಸುತ್ತದೆ, ಗಿರಾಕಿಗೂ ಹಾಗೆಯೇ ಅನಿಸುತ್ತದೆ. ಹೆಚ್ಚಿನ ಮಡಿಯ ಸರಕೆಂದು ಅದಕ್ಕೆ ಹೆಚ್ಚಿನ ಬೆಲೆಯೂ ಸಿಗಬಲ್ಲದು.

ಬೆಲೆಯ ವಿಷಯಕ್ಕೆ ಉತ್ತರ ಇದೇ ಪರಂಪರೆಯೊಳಗೆ ಸಿದ್ಧವಾಗಿದೆ. 'ಓತ್ಸರ್ ಬೇತ್ ದಿನ್', ಅಂದರೆ ನ್ಯಾಯಸಭೆಯ ಉಗ್ರಾಣ, ಪ್ರಾಚೀನ ತೊಸೆಫ್ತಾದಲ್ಲೇ ವಿವರಿಸಿರುವ ವ್ಯವಸ್ಥೆ. ಏಳನೆಯ ವರ್ಷ ತೋಟದ ಫಲ ರೈತನದಲ್ಲ. ನ್ಯಾಯಸಭೆ ಅವನನ್ನೇ ತನ್ನ ಕೆಲಸಗಾರನನ್ನಾಗಿ ನೇಮಿಸಿ, ಕೊಯ್ಲು ಮಾಡಿಸಿ, ಊರಿನ ಉಗ್ರಾಣಕ್ಕೆ ತರಿಸಿ ಹಂಚುತ್ತದೆ. ಜನ ಕೊಡುವುದು ಹಣ್ಣಿನ ಬೆಲೆಯಲ್ಲ, ಕೂಲಿ ಮತ್ತು ಸಾಗಣೆಯ ಖರ್ಚು. ಇಂದಿಗೂ ಹಣ್ಣಿನ ತೋಟ, ದ್ರಾಕ್ಷಿತೋಟಗಳಲ್ಲಿ ಇದು ನಡೆಯುತ್ತಿದೆ. ನಗರದ ಬಡವ ಹೊಲಕ್ಕೆ ಹೋಗಲಾರ ಎಂಬ ಆಕ್ಷೇಪಕ್ಕೆ ಪಂಡಿತರು ಎಷ್ಟೋ ಶತಮಾನಗಳ ಹಿಂದೆಯೇ ಕೊಟ್ಟ ಉತ್ತರವಿದು: ಬಾಗಿಲನ್ನೇ ನಗರಕ್ಕೆ ತಂದುಬಿಟ್ಟರು. ಹಸಿರುಮನೆಯ ಬೆಳೆಗೆ ಶ್ಮಿತಾದ ಪಾವಿತ್ರ್ಯ ಅಂಟುವುದಿಲ್ಲವೆಂದು ಸಾಮಾನ್ಯವಾಗಿ ಎಣಿಸುವುದರಿಂದ ಅದು ಈ ಉಗ್ರಾಣದ ಆಚೆ, ಎಂದಿನ ಲಾಭದ ಸರಕಾಗಿ ಮಾರಾಟವಾಗುತ್ತದೆ. ನಾನು ಹೇಳುವುದಿಷ್ಟು: ಚೀಲದಲ್ಲಿ ಬೆಳೆಯಿರಿ, ಆದರೆ ಅದನ್ನೂ ಸ್ವಇಚ್ಛೆಯಿಂದ ಉಗ್ರಾಣದ ನಿಯಮಕ್ಕೆ ತನ್ನಿ. ಶಾಸ್ತ್ರ ಬಲವಂತ ಮಾಡುವುದಿಲ್ಲ ಎಂಬುದು ನಿಜ. ಬಲವಂತವಿಲ್ಲದ ಕಡೆಯೇ ಒಡೆತನ ಬಿಡುವುದಕ್ಕೆ ಬೆಲೆ ಹೆಚ್ಚು.

ಒಡೆತನ ಹಸಿರುಮನೆಯಲ್ಲಿ ಅತ್ಯಂತ ಬಿಗಿ ಎಂದೆ. ಅಲ್ಲಿಯೂ ಸೂರ್ಯ ದೇವರದೇ, ಬೀಜದೊಳಗಿನ ಜೀವ ದೇವರದೇ, ಬೆಳೆಗಾರ ನೀವು ಚಿತ್ರಿಸಿದಷ್ಟು ಸರ್ವಾಧಿಕಾರಿಯಲ್ಲ ಎಂದು ಒಬ್ಬ ಆಸ್ತಿಕ ನನ್ನನ್ನು ತಿದ್ದಬಹುದು. ತಿದ್ದುಪಡಿ ಒಪ್ಪುವಂಥದ್ದೇ. 2014ರ ಕೊನೆಯಲ್ಲಿ ದಕ್ಷಿಣ ಇಸ್ರೇಲಿನ ಓಹಾದ್ ಎಂಬ ಹಳ್ಳಿಯ ಬಲೆಮನೆಗಳ ಟೊಮೆಟೊದಲ್ಲಿ ಒಂದು ಹೊಸ ವೈರಸ್ ಕಾಣಿಸಿಕೊಂಡಿತು. ಹಣ್ಣಿನ ಮೇಲೆ ಕಂದು ಸುಕ್ಕು ಮೂಡಿಸುವ ಅದು ರೋಗನಿರೋಧಕ ತಳಿಗಳ ಕಾವಲನ್ನೂ ದಾಟಿ, ಕೆಲವೇ ವರ್ಷಗಳಲ್ಲಿ ಖಂಡ ಖಂಡಗಳ ಹಸಿರುಮನೆಗಳಿಗೆ ಹಬ್ಬಿತು. ಬಲೆ ಅದಕ್ಕೆ ಲೆಕ್ಕವೇ ಅಲ್ಲ, ಅದು ಸಾಗುವುದು ಕೆಲಸಗಾರರ ಕೈಯಿಂದ, ಕತ್ತರಿಯಿಂದ, ಬೆಲೆ ಕೊಟ್ಟು ತಂದ ಆ ದುಂಬಿಯಿಂದಲೂ. ಆ ವರ್ಷವೂ ಶ್ಮಿತಾ ವರ್ಷವಾಗಿತ್ತು. ಇದರಲ್ಲಿ ದೈವದ ಶಿಕ್ಷೆ ಹುಡುಕುವವರ ಸಹವಾಸ ನನಗೆ ಬೇಡ, ರೋಗಕ್ಕೆ ಪಂಚಾಂಗ ಗೊತ್ತಿಲ್ಲ. ಆದರೆ ಹಿಡಿತ ಪೂರ್ಣವಲ್ಲ ಎಂಬ ಸತ್ಯ ನನ್ನ ವಾದವನ್ನು ಸಡಿಲಿಸುವುದಿಲ್ಲ. ಪ್ರಾಚೀನ ರೈತನ ಹಿಡಿತ ಇನ್ನೂ ಕಡಿಮೆಯಿತ್ತು: ಮಳೆ, ಮಿಡತೆ, ಬಿಸಿಗಾಳಿ ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ. ಆದರೂ ಬಾಗಿಲು ತೆರೆ ಎಂದು ಅವನಿಗೆ ಹೇಳಲಾಯಿತು. ಆಜ್ಞೆ ಅವನ ಶಕ್ತಿಯನ್ನು 'ನನ್ನದು' ಎಂಬ ಹಕ್ಕಿನಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಾಗಿಲು ತೆರೆಯುವುದನ್ನು ಅಕ್ಷರಶಃ ಮಾಡಿದರೆ ಏನಾದೀತು? ಎರಡು ಬಾಗಿಲನ್ನೂ ತೆರೆದಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿನೊಣ ತುಂಬಿ, ಬೆಳೆ ಯಾರ ಬಾಯಿಗೂ ಹೋಗದೆ ಹಾಳಾಗುತ್ತದೆ. ಕಾಡುಮಿಗಕ್ಕೂ ಅದರಿಂದ ಲಾಭವಿಲ್ಲ. ಆದ್ದರಿಂದ ಇಲ್ಲಿ ತೆರೆಯಬೇಕಾದದ್ದು ಬಲೆಯಲ್ಲ, ಲೆಕ್ಕದ ಪುಸ್ತಕ. ಚೀಲ, ಪ್ಲಾಸ್ಟಿಕ್, ನೀರು, ಗೊಬ್ಬರ, ದುಂಬಿ ಪೆಟ್ಟಿಗೆ, ಕೂಲಿ ಇವುಗಳ ಖರ್ಚು ಇಷ್ಟು, ಅಷ್ಟಕ್ಕೇ ಮಾಲು ಎಂದು ಹೇಳುವುದು. ಕೂಲಿ ಎಂದಾಗ ಇನ್ನೊಂದು ಮಾತು ಬರುತ್ತದೆ. ಅರಾವಾದ ಬಲೆಮನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಥಾಯ್ಲೆಂಡಿನಿಂದ ಬಂದವರು. ಯಾಜಕಕಾಂಡದ ಪಟ್ಟಿಯಲ್ಲಿ ಕೂಲಿಯವನೂ ಪರದೇಶಿಯೂ ಹೆಸರು ಹಿಡಿದು ಬಂದಿದ್ದಾರೆ, ಈ ಕೆಲಸಗಾರರು ಒಟ್ಟಿಗೆ ಎರಡೂ ಹೌದು. ಬಯಲು ಹೊಲಕ್ಕೆ ರಜೆಯಿರುವ ವರ್ಷದಲ್ಲಿ ಮಾಡಿನ ಕೆಳಗೆ ಇವರ ಕೆಲಸ ಹೆಚ್ಚೇ ಆದೀತು, ಬೇಡಿಕೆ ಅಲ್ಲಿಗೇ ತಿರುಗುವುದರಿಂದ. ಹಾಸನ್ನು ನೆಲದಿಂದ ಎಷ್ಟು ಬೇರ್ಪಡಿಸಲಾಗಿದೆ ಎಂದು ಹಾಳೆಯ ದಪ್ಪ ಅಳೆದು ನೋಡುವ ತನಿಖೆಗಾರರು ಇವರ ದಿನದ ಗಂಟೆಗಳನ್ನೂ ಒಮ್ಮೆ ಎಣಿಸಿದರೆ ಶಾಸ್ತ್ರಕ್ಕೆ ನಷ್ಟವೇನೂ ಇಲ್ಲ.

ಇದೆಲ್ಲ ಹೇಳಿದ ಮೇಲೂ ಭಾರ ಬೀಳುವುದು ಬೆಳೆಗಾರನೊಬ್ಬನ ಹೆಗಲಿಗೇ ಎಂಬುದು ಉಳಿಯುತ್ತದೆ, ಮತ್ತು ಇದೇ ನನಗೆ ಕಾಣುವ ಅತ್ಯಂತ ಕಠಿಣ ತೊಡಕು. ಹಸಿರುಮನೆ ಸಾಲದಲ್ಲಿ ಕಟ್ಟುವ ಕಟ್ಟಡ. ಉಕ್ಕಿನ ಚೌಕಟ್ಟು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಹಾಳೆ, ನೀರಿನ ಯಂತ್ರ ಎಲ್ಲದರ ಹಿಂದೆ ಕಂತು ಇರುತ್ತದೆ. ಶ್ಮಿತಾ ಇಬ್ಬರ ಹಕ್ಕನ್ನು ಸಡಿಲಿಸಲು ಹೊರಟ ವಿಧಿ: ವರ್ಷದ ಮೊದಲ ದಿನ ನೆಲದ ಒಡೆಯನ ಕೈ, ಕೊನೆಯ ದಿನ ಸಾಲ ಕೊಟ್ಟವನ ಕೈ. ಇಂದು ಎರಡನೆಯದು ಪ್ರೊಜ್ಬುಲ್‌ನ ಒಂದು ಸಹಿಯಲ್ಲಿ ಮುಗಿಯುತ್ತದೆ. ಬಡ್ಡಿಯ ನಿಷೇಧವನ್ನು ಇಸ್ರೇಲಿನ ಬ್ಯಾಂಕುಗಳು 'ಹೆತೆರ್ ಇಸ್ಕಾ' ಎಂಬ ಪಾಲುದಾರಿಕೆಯ ಕರಾರಿನಿಂದ ದಾಟುತ್ತವೆ. ಹೀಗಿರುವಾಗ ಚೀಲದಲ್ಲಿ ಬೆಳೆಯುವವನೊಬ್ಬ ಮಾತ್ರ ಲಾಭ ಬಿಡಲಿ ಎಂದರೆ ಅದು ಅರ್ಧ ಶ್ಮಿತಾವೂ ಅಲ್ಲ. ಆ ಕರಾರು ಬ್ಯಾಂಕನ್ನು ಸಾಲಗಾರನ ಪಾಲುದಾರನೆಂದು ಕರೆಯುತ್ತದೆ. ಪಾಲುದಾರನಾದವನು ಏಳನೆಯ ವರ್ಷದಲ್ಲೂ ಪಾಲುದಾರನಾಗಿಯೇ ಇರಬೇಕು: ಉಗ್ರಾಣದ ನಿಯಮಕ್ಕೆ ಬಂದ ಹಸಿರುಮನೆಯಿಂದ ಆ ವರ್ಷ ಅಸಲಿನ ಕಂತನ್ನಷ್ಟೇ ಪಡೆದು, ಲಾಭದ ಪಾಲನ್ನು ಬೆಳೆಗಾರನ ಜೊತೆಗೇ ಬಿಡಬೇಕು. ಮುಂದಿನ ಶ್ಮಿತಾ ಶುರುವಾಗುವುದು 2028ರ ಸೆಪ್ಟೆಂಬರಿನಲ್ಲಿ. ಹಾಳೆಯಲ್ಲಿ ತೂತಿದೆಯೇ ಎಂಬ ಚರ್ಚೆ ಮುಗಿದಿದೆ. ಈ ಕರಾರಿನ ಚರ್ಚೆಗೆ ಅಷ್ಟರೊಳಗೆ ಸಾಕಷ್ಟು ಕಾಲವಿದೆ.